ಅತ್ತಿಗೆ ದೋಣಿಗೆ ಗಾಳಿ ತಂದದ್ದು

ಹೊನ್ನಾಳಿಯಲ್ಲಿ ನನ್ನದು ಲಾರಿಗೆ ಬಾಡಿ ಕಟ್ಟುವ ಶೆಡ್ಡು. ಕ್ಯಾಬಿನ್ ಕಟ್ಟಿ ಕಟ್ಟಿಯೇ ನನ್ನ ತಲೆ ನೆರೆತಿದೆ. ಒಳಗೆ ಕೂತವನಿಗೆ ಸೆಕೆಯಾಗದಂತೆ ಗಾಳಿ ತರುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ನಂಬಿದ್ದೆ. ಆ ಜಂಬ ಇಳಿಸಿದವರು ನಮ್ಮ ಅತ್ತಿಗೆ. ಅದೂ ಸೂಳೆಕೆರೆಯ ನಡು ನೀರಿನಲ್ಲಿ.

ಅಣ್ಣನ ಮನೆ ತ್ಯಾವಣಿಗೆಯಲ್ಲಿ. ಅತ್ತಿಗೆಗೆ ದಮ್ಮಿನ ಕಾಯಿಲೆ. ಮೆಕ್ಕೆಜೋಳದ ಒಕ್ಕಣೆ ಶುರುವಾಯಿತೆಂದರೆ ರಸ್ತೆಯುದ್ದಕ್ಕೂ ರಾಶಿ, ಊರ ತುಂಬ ಧೂಳು. ಆ ದಿನಗಳಲ್ಲಿ ಅವರಿಗೆ ಮಲಗಲು ಆಗುತ್ತಿರಲಿಲ್ಲ. ಬೆನ್ನು ನೆಲಕ್ಕೆ ತಾಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ದಿಂಬು ಒಟ್ಟಿಕೊಂಡು ಕೂತೇ ತೂಕಡಿಸುತ್ತಿದ್ದರು.

ಅಣ್ಣ ಮೀನುಗಾರಿಕೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಕೆರೆಯ ಮಧ್ಯೆ ಧೂಳಿರುವುದಿಲ್ಲ ಎಂಬುದೊಂದನ್ನೇ ನೆಚ್ಚಿಕೊಂಡು, ಕಾರವಾರದ ಕಡೆಯಿಂದ ಹಾಯಿ ಕಟ್ಟುವ ಹಳೇ ಸಣ್ಣ ದೋಣಿಯೊಂದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದ. ಕಚೇರಿಗಳಿಗೆ ಅಲೆದು ಪರವಾನಗಿಯನ್ನೂ ತಂದ. ಊರು ನಕ್ಕಿತು. ನಾನೂ ನಕ್ಕೆ.

ದೋಣಿಯಲ್ಲಿ ಇಬ್ಬರು ಕಾಲು ಚಾಚುವಷ್ಟು ಕ್ಯಾಬಿನ್ ಇತ್ತು. ಹೊರಗೆ ಕೂತರೆ ಬಿಸಿಲು, ಒಳಗೆ ಕೂತರೆ ಇಡ್ಲಿ ಪಾತ್ರೆ. ಮೊದಲ ದಿನವೇ ಅತ್ತಿಗೆ ಕೆಮ್ಮುತ್ತಾ ಹೊರಗೆ ಬಂದರು.

"ನೀನೇ ಏನಾದ್ರೂ ಮಾಡೋ. ಇದೂ ಆಗ್ಲಿಲ್ಲಾಂದ್ರೆ ಇವಳನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?" ಅಂದ ಅಣ್ಣ. ಹುಟ್ಟಿದಾಗಿನಿಂದ ನನಗೆ ಅಪ್ಪಣೆ ಕೊಟ್ಟೇ ಗೊತ್ತಿದ್ದವನು ಹಾಗೆ ಬೇಡಿದ್ದು ಅದೇ ಮೊದಲು. ನನಗೆ ಸಂಕಟವಾಯಿತು.

ಲಾರಿಗೆ ಮಾಡುವಂತೆಯೇ ಚಾವಣಿಯ ಮುಂಭಾಗ ಕೊರೆದು, ಮುಂದಕ್ಕೆ ಬಾಯಿ ತೆರೆದ ತಗಡಿನ ಗೂಡು ಕೂರಿಸಿದೆ. ನೀರಿಗಿಳಿದೆವು. ಹಾಯಿ ಉಬ್ಬಿತು, ದೋಣಿ ಚೆನ್ನಾಗಿಯೇ ಹೊರಟಿತು. ಒಳಗೆ ಮಾತ್ರ ಒಂಚೂರೂ ಗಾಳಿಯಿಲ್ಲ. "ಇವತ್ತು ಗಾಳೀನೇ ಸರಿ ಇಲ್ಲ" ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅತ್ತಿಗೆ ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ಗೂಡಿನ ಬಾಯಿಗೆ ಹಿಡಿದರು. ಎಳೆ ಅಲ್ಲಾಡದೆ ಜೋತುಬಿದ್ದಿತ್ತು.

"ಅಲ್ಲಪ್ಪಾ, ಲಾರಿ ಓಡಿದ್ರೆ ಗಾಳಿ ಎದುರಿಂದ ಬರ್ತೈತೆ. ಇದನ್ನ ಗಾಳೀನೇ ಹಿಂದಿಂದ ತಳ್ತಾ ಐತಲ್ಲ, ನೀನು ಬಾಯಿ ಮುಂದಕ್ಕೆ ಇಟ್ರೆ ಹೆಂಗೆ? ಬಂದ್ರೂ ಹೊರಗೆ ಹೋಗಾಕೆ ದಾರಿ ಎಲ್ಲೈತೆ? ಹೋಗಾಕೆ ದಾರಿ ಇಲ್ದ ಮನೆಗೆ ಬರಾಕೆ ಗಾಳಿಗೇನು ಹುಚ್ಚಾ?"

ನನಗೆ ಸಿಟ್ಟು ಬಂತು. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಬಂತು.

ಅತ್ತಿಗೆಯ ತವರು ಜಗಳೂರು ಕಡೆ. ಮಣ್ಣಿನ ಮಾಳಿಗೆ ಮನೆ, ಒಲೆಯ ನೇರಕ್ಕೆ ಮೇಲೆ ಗವಾಕ್ಷಿ, ಅದಕ್ಕೆ ಒರಗಿಸಿದ ಒಡಕು ಗಡಿಗೆ. ಗಾಳಿ ತಿರುಗಿದಾಗಲೆಲ್ಲ ಮಾಳಿಗೆ ಹತ್ತಿ, ಗಡಿಗೆಯ ಬೆನ್ನನ್ನು ಗಾಳಿಯತ್ತ ಮಾಡಿ ಬರುವುದು ಚಿಕ್ಕಂದಿನಲ್ಲಿ ಅವರ ಕೆಲಸವಂತೆ. ಸರಿಯಾಗಿ ಇಟ್ಟರೆ ಹೊಗೆ ತಾನಾಗಿ ಮೇಲೇಳುತ್ತಿತ್ತು. ತಪ್ಪಿದರೆ ಅವ್ವನ ಕಣ್ಣಲ್ಲಿ ನೀರು, ಇವರ ಬೆನ್ನಿಗೆ ಗುದ್ದು. ಇಷ್ಟು ವರ್ಷ ಅವರ ಕೈಯ ರೊಟ್ಟಿ ತಿಂದಿದ್ದೇನೆ, ಆ ತಲೆಯೊಳಗೆ ಇಂಥ ವಿದ್ಯೆ ಇದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಶೆಡ್ಡಿಗೆ ಹೋಗಿ ಅವರು ಹೇಳಿದಂತೆ ಮಾಡಿದೆ. ಬೇಕಾದ ಕಡೆಗೆ ತಿರುಗುವ ಎರಡು ಬಾಗಿದ ತಗಡಿನ ಕೊಳವೆ, ಚಾವಣಿಯ ಎರಡು ತುದಿಗೆ. ಒಳಗೆ ಬರಲು ಒಂದರ ಬಾಯಿ ಗಾಳಿಗೆ, ಹೊರಗೆ ಹೋಗಲು ಇನ್ನೊಂದರ ಬೆನ್ನು ಗಾಳಿಗೆ. ಹಾಸಿಗೆಯ ಕೆಳಗಿನ ಹಲಗೆಯನ್ನೂ ತೆಗೆಸಿದರು. "ಹಲಗೆ ಬೆವರ್ತೈತೆ, ಹೊರಸಿನಂಗೆ ಹಗ್ಗ ಹೆಣಿ" ಅಂದರು. ಹೆಣೆದೆ.

ಮುಂದಿನ ವಾರ, ಒಕ್ಕಣೆ ಜೋರಾಗಿದ್ದಾಗ, ಮೂವರೂ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ಕೆರೆಗಿಳಿದೆವು. ಅತ್ತಿಗೆ ಒಳಗೆ ಹೋದರು. ಆಚೆ ದಡ ಹತ್ತಿರವಾದಾಗ ಅಣ್ಣ ಕರೆದ: "ಇವಳೇ, ಹೊರಗೆ ಬಾ, ಗುಡ್ಡ ಹೆಂಗೆ ಕಾಣ್ತೈತೆ ನೋಡು."

ಉತ್ತರವಿಲ್ಲ. ಮತ್ತೆ ಕರೆದ. ಅವನ ಮುಖ ಬಿಳುಚಿತು. ಚುಕ್ಕಾಣಿ ಬಿಡುವಂತಿರಲಿಲ್ಲ, ನಾನೇ ಬಗ್ಗಿ ಒಳಗೆ ನೋಡಿದೆ.

ಅತ್ತಿಗೆ ಅಂಗಾತ ಮಲಗಿದ್ದರು. ತಲೆಯ ಕೆಳಗೆ ದಿಂಬೂ ಇರಲಿಲ್ಲ. ಎದೆ ನಿಧಾನವಾಗಿ ಏರಿ ಇಳಿಯುತ್ತಿತ್ತು, ಗೊರಗೊರ ಸದ್ದಿಲ್ಲ. ಒಳ್ಳೇ ನಿದ್ದೆ.

"ಮಲಗ್ಯಾರೆ" ಅಂದೆ.

"ಕೂತ್ಕಂಡಾ?"

"ಇಲ್ಲ, ಅಣ್ಣಾ. ಅಂಗಾತ."

ಅಣ್ಣ ದಡ ಇನ್ನೇನು ಸಿಕ್ಕಿತು ಅನ್ನುವಾಗ ದೋಣಿಯನ್ನು ಮತ್ತೆ ನಡು ನೀರಿಗೆ ತಿರುಗಿಸಿದ. ಮಧ್ಯಾಹ್ನವಾಯಿತು, ಹೊಟ್ಟೆ ಚುರುಗುಟ್ಟಿತು. ಡಬ್ಬಿ ಸದ್ದಾದೀತೆಂದು ಇಬ್ಬರೂ ಬುತ್ತಿ ಬಿಚ್ಚಲಿಲ್ಲ.