ಬಿಳಿ ಅಂಗಿಗಳ ನಡುವೆ ಒಂದು ಮುಖ

ಟರ್‌ರ್‌ರ್ ಎಂದು ಶಟರ್ ಸದ್ದು ಮಾಡಿತು, ತಗಡಿನ ಮೇಲೆ ಯಾರೋ ಒಂದು ಹಿಡಿ ಒಣ ಅಲಸಂದೆ ಚೆಲ್ಲಿದ ಹಾಗೆ. ಈರೇಶ್ ಕ್ಯಾಮೆರಾ ಇಳಿಸಿ ಅದರ ಹಿಂದಿನ ಪುಟ್ಟ ಪರದೆ ನೋಡಿದ. ಹುಲ್ಲು ಹಸಿರಾಗಿತ್ತು. ಹುಡುಗಿಯರ ಬಿಳಿ ಅಂಗಿಗಳ ಒಂದೊಂದು ಮಡಿಕೆಯೂ ಕಾಣುತ್ತಿತ್ತು. ಅವುಗಳ ನಡುವೆ ಮಗಳ ಮುಖ ಮಾತ್ರ ದೀಪವಾರಿದ ಕಿಟಕಿಯಂತಿತ್ತು. ಕಣ್ಣೆಲ್ಲಿ, ಮೂಗೆಲ್ಲಿ ತಿಳಿಯುತ್ತಿರಲಿಲ್ಲ.

ಮೇ ತಿಂಗಳ ಸಂಜೆ. ನೇಪರ್‌ವಿಲ್‌ನ ಮೈದಾನದಲ್ಲಿ ಇಳಾ ತನ್ನ ಹೈಸ್ಕೂಲಿನ ಕೊನೆಯ ಸಾಕರ್ ಪಂದ್ಯ ಆಡುತ್ತಿದ್ದಳು. ಆಗಸ್ಟಿನಲ್ಲಿ ಡೆಟ್ರಾಯಿಟ್ ಹತ್ತಿರದ ಕಾಲೇಜಿಗೆ ಹೊರಡುತ್ತಾಳೆ, ಅಲ್ಲಿ ಆಡುವುದಿಲ್ಲವಂತೆ. ಅಲ್ಲಿನ ಕೋಣೆಯ ಗೋಡೆಗೆ ಒಂದು ಫೋಟೋ ಬೇಕೆಂದು ಅಪ್ಪನನ್ನು ಕೇಳಿದ್ದಳು. ಅವಳು ಅವನನ್ನು ಏನನ್ನಾದರೂ ಕೇಳಿ ಬಹಳ ಕಾಲವಾಗಿತ್ತು.

“ಒಂದೇ ಸಾಕು, ಅಪ್ಪ. ಬಟ್ ಐ ಶುಡ್ ಲುಕ್ ಲೈಕ್ ಮಿ.”

ತನ್ನ ಹಾಗೇ ಕಾಣಬೇಕು ಎಂದು ಅವಳು ಸುಮ್ಮನೆ ಹೇಳಿರಲಿಲ್ಲ.

ಈರೇಶ್ ಕೊಪ್ಪಳದ ಕಡೆಯವನು. ಓಕ್ ಬ್ರೂಕ್‌ನ ಕಂಪನಿಯೊಂದರಲ್ಲಿ ಇಂಜಿನಿಯರ್. ಅವನೂ ಮಂಜರಿಯೂ ಬೇರೆಯಾದ ಮೇಲೆ ಮಗಳು ತಾಯಿಯ ಜೊತೆ ನೇಪರ್‌ವಿಲ್‌ನಲ್ಲಿ ಉಳಿದಳು, ಅವನು ಲೊಂಬಾರ್ಡ್‌ನ ಅಪಾರ್ಟ್‌ಮೆಂಟೊಂದಕ್ಕೆ ಹೋದ. ಪಂದ್ಯಗಳಿಗೆ ಮಾತ್ರ ತಪ್ಪದೆ ಬರುತ್ತಿದ್ದ. ಆದರೆ ಗಂಡ ಹೆಂಡತಿ ಜೋಡಿಜೋಡಿಯಾಗಿ ಮಡಚುವ ಕುರ್ಚಿ ಹಾಕಿಕೊಂಡು ಕೂರುವ ಕಡೆ, ಒಬ್ಬನೇ ನಿಂತವನಿಗೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಕ್ಯಾಮೆರಾ ಕೊಂಡದ್ದು ಅದಕ್ಕೆ. ಕ್ಯಾಮೆರಾ ಹಿಡಿದವನನ್ನು, ಯಾಕೆ ಒಬ್ಬರೇ ನಿಂತಿದ್ದೀರಿ ಎಂದು ಯಾರೂ ಕೇಳುವುದಿಲ್ಲ.

ಉದ್ದನೆಯ ಲೆನ್ಸು ಅವನಿಗೆ ಮಗಳನ್ನು ಹತ್ತಿರ ತಂದುಕೊಟ್ಟಿತು. ಹೋಟೆಲಿನಲ್ಲಿ ಎದುರು ಕೂತಾಗ ಅವಳು ಫೋನಿನಿಂದ ತಲೆ ಎತ್ತುತ್ತಿರಲಿಲ್ಲ. ಮೈದಾನದ ಆಚೆ ತುದಿಯಲ್ಲಿ ಓಡುವಾಗ ಅವಳ ರೆಪ್ಪೆ ಕೂಡ ಅವನಿಗೆ ಕಾಣುತ್ತಿತ್ತು. ಚೆಂಡು ಬರುವ ಮುಂಚೆ ಕೆಳತುಟಿ ಕಚ್ಚುತ್ತಾಳೆ ಎಂಬುದನ್ನು ಅವನು ಕಲಿತದ್ದು ಹಾಗೆ, ದೂರದಿಂದ, ಒಂದು ಕಣ್ಣು ಮುಚ್ಚಿಕೊಂಡು.

ಓಟವನ್ನು ಹಿಡಿಯಲು ಶಟರ್ ಸೆಕೆಂಡಿನ ಸಾವಿರದಲ್ಲೊಂದು ಪಾಲು ಮಾತ್ರ ತೆರೆದಿರಬೇಕು. ನಿಧಾನವಾದರೆ ಓಡುವ ಕಾಲು ಹೊಗೆಯಾಗುತ್ತದೆ. ಬೆಳಕು ಸಾಲದಿದ್ದರೆ ಲೆನ್ಸಿನ ಕಿಂಡಿ ಹಿಗ್ಗಿಸಬೇಕು, ಸೂರ್ಯ ಇಳಿದಂತೆ ಐಎಸ್‌ಒ, ಅಂದರೆ ಬೆಳಕನ್ನು ಹೀರುವ ಚುರುಕು, ಏರಿಸಬೇಕು. ಇದೆಲ್ಲ ಅವನಿಗೆ ಬೇಗ ಕೈವಶವಾಯಿತು. ಕೈಗೆ ಸಿಗದೆ ಹೋದದ್ದು ಮಗಳ ಮುಖ. ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಒಂದು ಮೂಢನಂಬಿಕೆಯಿದೆ: ಲೋಕ ತೀರ ಬೆಳ್ಳಗೂ ಇರಕೂಡದು, ತೀರ ಕಪ್ಪಗೂ ಇರಕೂಡದು. ಅಷ್ಟೊಂದು ಬಿಳಿ ಅಂಗಿ ಕಂಡೊಡನೆ ಅದು ಹೆದರಿ ಎಲ್ಲವನ್ನೂ ಮಬ್ಬು ಮಾಡುತ್ತಿತ್ತು. ಉಳಿದ ಹುಡುಗಿಯರು ಹೇಗೋ ಪಾರಾಗುತ್ತಿದ್ದರು. ಎಣ್ಣೆಗಪ್ಪಿನ ಇಳಾ ಮುಳುಗಿಹೋಗುತ್ತಿದ್ದಳು. ಹಾಗಾಗಿ ಅವನು ಬೆಳಕು ಏರಿಸತೊಡಗಿದ. ಬಿಸಿಲಿಗೆ ಪರದೆ ಮಂಕಾಗಿ ಕಾಣುತ್ತಿತ್ತು. ಸಾಲದೇನೋ ಎಂದು ಇನ್ನಷ್ಟು ಏರಿಸಿದ. ಅಂಗಿಗಳೆಲ್ಲ ಸುಣ್ಣವಾದವು. ಆಗಲಿ, ಮುಖ ಕಂಡಿತಲ್ಲ ಎಂದುಕೊಂಡ.

ಈ ಸಲದ ಉಗಾದಿಗೆ ಕನ್ನಡ ಕೂಟದವರು ಆ ಫೋಟೋಗಳನ್ನು ಸಭಾಂಗಣದ ದೊಡ್ಡ ಪರದೆಯ ಮೇಲೆ ತೋರಿಸಿದರು. ಸ್ಮರಣ ಸಂಚಿಕೆಯ ಹೊಣೆ ಹೊತ್ತಿದ್ದ ಸ್ಮಿತಾ, ಇಳಾಳ ತಂಡದ ಗೋಲ್‌ಕೀಪರ್ ಅನಿಕಾಳ ತಾಯಿ, ಇಳಾಳ ಗಲ್ಲ ಹಿಡಿದು, “ಏನೇ, ಇಷ್ಟು ಬೆಳ್ಳಗೆ ಬಂದಿದೀಯಾ ಇದ್ರಲ್ಲಿ? ಅಪ್ಪನ ಹತ್ರ ಹಿಂಗೇ ನಾಲ್ಕು ತೆಗೆಸಿಟ್ಕೋ, ಮುಂದೆ ಮದುವೆಗೂ ಆಗುತ್ತೆ,” ಎಂದಳು. ಸುತ್ತಲಿದ್ದವರು ನಕ್ಕರು. ಈರೇಶನೂ ನಕ್ಕ.

ಕಾರಿನಲ್ಲಿ ಇಳಾ ಇಂಗ್ಲಿಷಿನಲ್ಲಿ ಕೇಳಿದಳು, ನಾನು ಬೆಳ್ಳಗಿದ್ದಿದ್ದರೆ ನಿನಗೆ ಚೆನ್ನಾಗಿತ್ತಾ ಎಂದು.

“ಹಂಗಲ್ಲ ತಂಗಿ. ಮೀಟರ್ ಅಂತ ಇರತೈತಿ, ಅದು ಬಿಳಿ ಜರ್ಸಿ ಕಂಡ್ರ ಏನ್ ಮಾಡತೈತಿ ಅಂದ್ರ...”

ಹೆದ್ದಾರಿಯ ಎಕ್ಸಿಟ್ ಬರುವವರೆಗೂ ವಿವರಿಸಿದ. ತಿರುಗಿ ನೋಡಿದಾಗ ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದಳು.

ಮರುದಿನ ಆಫೀಸಿನ ಮಾನಿಟರಿನಲ್ಲಿ ಆ ಚಿತ್ರಗಳನ್ನು ತೆರೆದು ನೋಡಿದ. ಅಲ್ಲಿದ್ದ ಹುಡುಗಿ ಗೋಧಿಬಣ್ಣದವಳು, ಯಾರದೋ ಮಗಳು. ಇಳಾಳ ಬಣ್ಣ ಅವನ ತಾಯಿ ಶಾಂತವ್ವನದು, ಅವನದೂ ಅದೇ. ಮುಖ ಕಾಣಲಿ ಎಂದು ಸುರಿದ ಬೆಳಕು ಆ ಬಣ್ಣವನ್ನೇ ತೊಳೆದುಬಿಟ್ಟಿತ್ತು.

ಆದ್ದರಿಂದ ಈ ಸಂಜೆ ಅವನು ಬೆಳಕು ಏರಿಸದೆ ಎಲ್ಲವನ್ನೂ ಮೀಟರಿಗೇ ಬಿಟ್ಟಿದ್ದ. ಮೀಟರು ಅವಳನ್ನು ಮತ್ತೆ ಮುಳುಗಿಸಿತ್ತು.

ವಿರಾಮದಲ್ಲಿ ಇಳಾ ನೀರಿನ ಬಾಟಲಿ ಹಿಡಿದು ಗೆರೆಯ ಹತ್ತಿರ ಬಂದಳು.

“ಗಾಟ್ ಇಟ್, ಅಪ್ಪ?”

“ಇನ್ನೂ ಇಲ್ಲವ್ವ. ಬರತೈತಿ.”

“ಇಟ್ಸ್ ಓಕೆ,” ಎಂದಳು. ಪರಿಚಯವಿಲ್ಲದವರ ಕಾಲು ತುಳಿದಾಗ ಅವರು ಹೇಳುತ್ತಾರಲ್ಲ, ಅಷ್ಟು ಮೆತ್ತಗೆ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವನಿಗನ್ನಿಸಿತು.

ಮತ್ತೆ ಆಟ ಶುರುವಾದಾಗ ಬಿಸಿಲು ಓರೆಯಾಗಿ, ಜೇನಿನ ಬಣ್ಣಕ್ಕೆ ತಿರುಗಿತ್ತು. ಎಷ್ಟು ಬೆಳಕು ಬೇಕೆಂದು ತಾನಾಗಿಯೇ ನಿರ್ಧರಿಸುವ ಕೆಲಸದಿಂದ ಈರೇಶ್ ಕ್ಯಾಮೆರಾವನ್ನು ಬಿಡಿಸಿದ. ಹೊಳೆದದ್ದು ತೀರ ಸಣ್ಣ ಉಪಾಯ. ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ. ಮಗಳದೇ ಬಣ್ಣದ ತನ್ನ ಎಡಗೈ ಚಾಚಿ, ಅವಳ ಮುಖಕ್ಕೆ ಬೀಳುತ್ತಿದ್ದ ಬಿಸಿಲನ್ನೇ ಕೈಯ ಹಿಂಬದಿಗೆ ಬೀಳಿಸಿಕೊಂಡ. ಲೆನ್ಸಿನ ತುಂಬ ಆ ಕೈಯನ್ನೇ ತುಂಬಿಸಿದ. ಮಸುಕಾಗಿ ಕಂಡರೂ ಅಳತೆಗೆ ಅಡ್ಡಿಯಿಲ್ಲ. ಆ ಕೈಯನ್ನು ಕಪ್ಪೂ ಅಲ್ಲದ, ಬಿಳಿಯೂ ಅಲ್ಲದ ನಡುಬಣ್ಣಕ್ಕೆ ತರಲು ಕ್ಯಾಮೆರಾ ಕೇಳಿದ ಬೆಳಕಿಗಿಂತ ಎರಡು ಕ್ಲಿಕ್ ಕೆಳಗೆ ಇಳಿಸಿ, ಇನ್ನು ಮುಟ್ಟುವುದಿಲ್ಲ ಎಂದು ಬಿಟ್ಟ. ತನ್ನ ಕೈಯನ್ನೇ ಇಷ್ಟುದ್ದದ ಲೆನ್ಸಿನಲ್ಲಿ ನೋಡುತ್ತಿದ್ದವನನ್ನು ಕಂಡು ಕುರ್ಚಿಯಲ್ಲಿದ್ದ ಒಬ್ಬ ತಂದೆ ಹೆಂಡತಿಯ ತೋಳು ತಿವಿದ.

ಇಳಾಳಿಗೆ ಚೆಂಡು ಬಂತು. ಒಬ್ಬಳನ್ನು ದಾಟಿದಳು, ಇನ್ನೊಬ್ಬಳಿಗೆ ಕಳೆದುಕೊಂಡಳು. ನಿಂತು, ಹಣೆಗೆ ಅಂಟಿದ ಕೂದಲನ್ನು ಮುಂಗೈಯಿಂದ ತಳ್ಳಿ ಮುಖ ಎತ್ತಿದಳು. ಶಟರ್ ಒದರಿತು.

ಅವನು ಜಾಕೆಟ್ಟನ್ನು ತಲೆಯ ಮೇಲೆಳೆದುಕೊಂಡು, ಆ ಕತ್ತಲಲ್ಲಿ ಪರದೆ ನೋಡಿದ. ಅಂಗಿ ಅಂಗಿಯಷ್ಟೇ ಬೆಳ್ಳಗಿತ್ತು. ಮುಖ ಶಾಂತವ್ವನ ಬಣ್ಣದ್ದು; ಹಣೆಯ ಬೆವರು ಹೊಳೆಯುತ್ತಿತ್ತು. ಕಣ್ಣಿನಲ್ಲಿ ಬೇಸರ, ದಣಿವು, ಎಲ್ಲ ಅವಳದೇ.

“ಏನ್ರೀ ಈರೇಶ್, ಜಾಕೆಟ್ ಒಳಗೆ ಏನ್ ಬಚ್ಚಿಟ್ಕೊಂಡಿದೀರಾ?” ಸ್ಮಿತಾ ಕಾಫಿ ಲೋಟ ಹಿಡಿದು ಬಂದಿದ್ದಳು. “ತೋರ್ಸಿ, ನಮ್ಮ ಸಂಚಿಕೆ ಕವರ್‌ಗೆ ಇಳಾದೊಂದು ಫೋಟೋ ಬೇಕು.”

ತೋರಿಸಿದ.

“ಅಯ್ಯೋ, ಸ್ವಲ್ಪ ಕಪ್ಪಾಯ್ತಲ್ರೀ. ಬೆಳಕು ಸಾಲ್ಲಿಲ್ವೇನೋ. ಎಡಿಟ್ ಮಾಡ್ಬಿಡಿ.”

“ಇಲ್ರಿ. ಆಕಿ ಇರೋದ ಹಂಗ.”

“ಅದು ನಂಗೂ ಗೊತ್ತು. ಕಪ್ಪು ಅಂದ್ರೆ ಕೆಟ್ಟದು ಅಂದ್ನಾ ನಾನು? ಪ್ರಿಂಟಲ್ಲಿ ಇನ್ನೂ ಕಪ್ಪಾಗುತ್ತೆ, ಅದಕ್ಕೆ ಹೇಳ್ದೆ. ಬೇಡ ಬಿಡಿ, ಸಂಚಿಕೆ ಕವರ್‌ಗೆ ಉಗಾದಿಲಿ ತೋರಿಸಿದ್ವಲ್ಲ, ಅದನ್ನೇ ಹಾಕೋಣ.”

“ಅದನ್ನ ಅಳಿಸೀನ್ರಿ.”

“ಅಳಿಸಿದ್ರೇನು, ನನ್ನ ವಾಟ್ಸಾಪಲ್ಲಿ ಭದ್ರವಾಗಿದೆ.”

“ಹಾಕಬ್ಯಾಡ್ರಿ,” ಎಂದ ಈರೇಶ್. ದನಿ ಏರಲಿಲ್ಲ. “ಅದರಾಗ ಇರಾಕಿ ನನ್ನ ಮಗಳಲ್ಲರಿ. ಹಾಕೋದಾದ್ರ ಇದನ್ನ ಹಾಕ್ರಿ, ಇಲ್ಲಂದ್ರ ಬಿಡ್ರಿ.”

ಸ್ಮಿತಾ ಒಂದು ಗುಟುಕು ಕಾಫಿ ಕುಡಿದಳು. “ನೀವು ಒಳ್ಳೆ ಕಥೆ ರೀ. ಯಾರಾದ್ರೂ ಮಗಳು ಚೆನ್ನಾಗಿ ಕಂಡ್ರೆ ಬೇಡ ಅಂತಾರಾ?”

ಬೇಕಾದ ಫೋಟೋ ಸಿಕ್ಕಿತ್ತು. ಆದರೆ ಆಟ ಇನ್ನೂ ಉಳಿದಿತ್ತು. ಸೀಟಿ ಊದಿದ ಮೇಲೆ ಇಳಾ ಗೆಳತಿಯರ ಕಡೆ ಓಡುತ್ತಾಳೆ, ಆಮೇಲೆ ಮಂಜರಿಯ ಕಾರು ಹತ್ತುತ್ತಾಳೆ. ನಾಳೆಯಿಂದ ಅವಳ ಮುಖವನ್ನು ಇಷ್ಟು ಹತ್ತಿರ ನೋಡುತ್ತ ನಿಲ್ಲಲು ಅವನಿಗೆ ಯಾವ ಮೈದಾನವೂ ಇಲ್ಲ. ಸೂರ್ಯ ಜಿಮ್ ಕಟ್ಟಡದ ಹಿಂದೆ ಸರಿಯುತ್ತಿದ್ದ. ಅವಳು ಎದುರಿನ ದೂರದ ಮೂಲೆಗೆ ಓಡುತ್ತಿದ್ದಳು.

“ಇಳಾನೇ ನೋಡಿದ್ರೂ ಒಪ್ಕೋತಾಳೆ ಕಣ್ರೀ. ಹುಡುಗೀರಿಗೆ ಒಳಗೊಳಗೇ ಆಸೆ ಇರುತ್ತೆ, ಬಾಯಿಬಿಟ್ಟು ಹೇಳಲ್ಲ ಅಷ್ಟೇ. ನಮ್ಮ ಅನಿಕಾನೂ...”

ಇಳಿದ ಬಿಸಿಲಿಗೆ ತಕ್ಕಷ್ಟೇ ಈರೇಶ್ ಐಎಸ್‌ಒ ಒಂದು ಕ್ಲಿಕ್ ಏರಿಸಿದ. ಸ್ಮಿತಾಳ ಮಾತು ಮುಗಿಯುವ ಮೊದಲೇ ಗೆರೆಯ ಗುಂಟ ಆ ಮೂಲೆಯ ಕಡೆಗೆ ಬಿರಬಿರನೆ ನಡೆದುಬಿಟ್ಟ.