ಸೊಪ್ಪು ಅವಳದು, ಕಾಂಡ ಅವನದು

ಕಾಡಸಿದ್ದಪ್ಪನ ತೆಂಗಿನ ತೋಟದ ಬೇಲಿ ಕಂಡರೆ ಇವತ್ತಿಗೂ ನನ್ನ ಕೈ ಮಚ್ಚು ಹುಡುಕುತ್ತದೆ. ಅದು ಕಳ್ಳಿ ಬೇಲಿಯಲ್ಲ, ಸುಬಾಬುಲ್. ಶೆಟ್ಟಿಕೆರೆಯಲ್ಲಿ ಯಾರೋ ಬೀಜ ಹಂಚಿದ ವರ್ಷ ಬಂದದ್ದು. ಬೇಗ ಬೆಳೆಯುತ್ತದೆ, ಸೊಪ್ಪು ದನಕ್ಕೆ, ಉದುರಿದ್ದು ತೆಂಗಿನ ಬುಡಕ್ಕೆ ಗೊಬ್ಬರ ಅಂದರು. ಎಲ್ಲ ನಿಜವೇ. ಅಂದವರಿಗೆ ಗೊತ್ತಿಲ್ಲದ್ದನ್ನು ಭೂತಮ್ಮಕ್ಕ ಅನುಭವಿಸಿದಳು.

ಅವಳ ಗುಡಿಸಲಿನ ಹಿಂದೆ ದನ ಇಳಿಯಲಾಗದ ಕಡಿದಾದ ಹಳ್ಳ, ಉಳಿದ ಮೂರು ಕಡೆ ಕಾಡಸಿದ್ದಪ್ಪನ ತೋಟ. ಗಂಡನಿಲ್ಲ, ಇರುವುದೊಂದು ಹಸು. ಬೀಜ ತಂದ ಕಾಡಸಿದ್ದಪ್ಪ, "ನಿನ್ ಮನೆ ಸುತ್ತ ನೀನೇ ಊರವ್ವ. ಸೊಪ್ಪು ನಿಂದು, ಕಾಂಡ ನಂದು" ಅಂದ. ಮೇವಿಗೆ ಊರೆಲ್ಲ ಅಲೆಯುತ್ತಿದ್ದವಳು ಹಿಗ್ಗಿದಳು. ಬಿಸಿನೀರಲ್ಲಿ ಬೀಜ ನೆನೆಸಿ, ಹಗ್ಗ ಎಳೆದು, ತಾನೇ ಊರಿದಳು. ಓಡಾಡಲು ಗಾಡಿ ಹಾಯುವಷ್ಟು ಜಾಗ ಬಿಟ್ಟಳು.

ಎರಡು ಮಳೆಗಾಲಕ್ಕೆ ಬೇಲಿ ಗೋಡೆಯಾಯಿತು. ಬೀಜ ಉದುರಿ ದಾರಿಯಲ್ಲೂ ಗಿಡ ಎದ್ದವು. ಕೀಳಲು ಬಗ್ಗಿದರೆ ಕಾಡಸಿದ್ದಪ್ಪ ಬಂದು ನಿಂತ.

"ಕಾಂಡ ನಂದು ಅಂದಿರ್ಲಿಲ್ವೇನವ್ವ?"

"ದಾರೀಲಿ ನಾನು ಊರ್ಲಿಲ್ಲ ಯಜಮಾನ್ರೇ, ತಾನಾಗೇ ಹುಟ್ಟೈತೆ."

"ಹಸ ಯಾರ್ದೋ ಕರಾನೂ ಅವರ್ದೇ. ಮುಟ್ಟಿದ್ರೆ ನಿಂಗೆ ಸೊಪ್ಪೂ ಇಲ್ಲ."

ಆಮೇಲೆ ಅವಳು ಸೊಪ್ಪು ಮಾತ್ರ ಸವರಿದಳು. ಸವರಿದಷ್ಟೂ ಗಿಡ ಕವಲೊಡೆಯಿತು.

ನನ್ನ ಹೆಂಡತಿಗೆ ಎದೆಹಾಲು ಬತ್ತಿದಾಗ ನಮ್ಮ ಕಡೇ ಮಗನನ್ನು ಉಳಿಸಿದ್ದು ಆ ಹಸುವಿನ ಹಾಲು. ಕಾಸು ಕೊಡಹೋದರೆ ಭೂತಮ್ಮಕ್ಕ ಚೊಂಬು ಕುಕ್ಕಿದಳು: "ಕೂಸಿನ ಹಾಲಿಗೆ ಕಾಸ್ ಇಸ್ಕಂಡ್ರೆ ಕೆಚ್ಚಲು ಬತ್ತೋಯ್ತದೆ ಕಣ್ಲಾ!"

ಒಂದು ಬೆಳಗ್ಗೆ ಅವಳು ಚೊಂಬು ಎದೆಗವಚಿಕೊಂಡು, ದಾರಿಯಲ್ಲಿ ಉಳಿದಿದ್ದ ಸಂದಿನಲ್ಲಿ ಅಡ್ಡಡ್ಡ ನುಸುಳಿ ಬಂದಳು. ಹಣೆ ಗೀರಿ ರಕ್ತ ಬಂದಿತ್ತು. ನನಗೆ ಮೈ ಉರಿಯಿತು. ಮಚ್ಚು ಹಿಡಿದು ಓಡಿದೆ. ಎರಡು ಬುಡ ಕಡಿಯುವಷ್ಟರಲ್ಲಿ ಅವಳು ಅಡ್ಡ ಬಂದಳು.

"ಬುಡ್ಲಾ ತಿಪ್ಪಯ್ಯ!"

"ದಾರಿ ಬ್ಯಾಡ್ವೇನಕ್ಕ ನಿಂಗೆ?"

"ದಾರಿ ತಿಂದು ಹಾಲು ಕೊಡ್ತದೇನ್ಲಾ ಹಸ? ನಾಳೆಯಿಂದ ಮೇವು ನೀನ್ ತಂದ್ ಹಾಕ್ತೀಯಾ?"

ನನ್ನ ಎತ್ತುಗಳಿಗೇ ಮೇವಿರಲಿಲ್ಲ. "ಹಸ ಮಾರಿದ್ ದಿನ ಹೇಳಕ್ಕ, ದಾರಿ ಬಿಡಿಸ್ತೀನಿ. ಹಾಲಿನ ಋಣ ಹಂಗಾದ್ರೂ ತೀರ್ಲಿ" ಅಂದೆ.

"ಮಾರಕಾದ್ರೂ ಹಸ ಈಚೆ ಬರ್ಬೇಕಲ್ಲಪ್ಪ" ಅಂದು ನಕ್ಕಳು.

ಮಗ ಈಗ ಮುದ್ದೆ ನುಂಗುತ್ತಾನೆ. ಸಾಕು ಅಂದರೂ ಅವಳು ನುಸುಳಿ ಬಂದು ಒಂದು ಲೋಟ ಹಾಲು ಇಟ್ಟೇ ಹೋಗುತ್ತಾಳೆ. ನಾನು ಕಡಿದ ಎರಡು ಬುಡಗಳಲ್ಲಿ ಗೊಂಚಲು ಗೊಂಚಲಾಗಿ ಚಿಗುರೆದ್ದು ಸಂದು ಇನ್ನೂ ಕಿರಿದಾಗಿದೆ. ಹಾಲಿನದೊಂದು ಋಣವಿತ್ತು, ಈಗ ಇದೂ ನನ್ನ ತಲೆಯ ಮೇಲೆ.