ದ್ಯಾಮಪ್ಪನ ಬರಣಿ

ಹಾನಗಲ್ಲಿನಿಂದ ಆಡೂರಿಗೆ ಹೋಗುವ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡಿದೆ. ಅದಕ್ಕೆ ಬೋರ್ಡಿಲ್ಲ. ಯಾಕೆ ಎಂದು ಕೇಳಿದರೆ ದ್ಯಾಮಪ್ಪ, "ಗಾಡಿ ಕೆಟ್ಟಾಂವ ಬೋರ್ಡ್ ಓದ್ಕೊಂತ ನಿಂದ್ರಂಗಿಲ್ರೀ ಸರ. ದಬ್ಬಿಕೊಂಡ ಬಂದ ಬರ್ತಾನ" ಎನ್ನುತ್ತಾನೆ. ಅಲ್ಲಿ ಯಾರ ಗಾಡಿಯೂ ರಿಪೇರಿಯಾಯಿತು ಎಂದು ಹೊರಗೆ ಹೋಗುವುದಿಲ್ಲ, ಮೊದಲು ದ್ಯಾಮಪ್ಪ ತಾನೇ ಆಡೂರಿನ ತನಕ ಓಡಿಸಿ ನೋಡಬೇಕು. "ಪೂರಾ ಆಗಿಲ್ಲ, ನಾಳೆ ಬರ್ರಿ" ಎಂದು ಬಾಯಿಬಿಟ್ಟು ಹೇಳುವ ಮೆಕ್ಯಾನಿಕ್ ನಮ್ಮ ಕಡೆ ಇವನೊಬ್ಬನೇ. ಸುಳ್ಳು ಅವನಿಗೆ ಬರುವುದಿಲ್ಲ. ಹುಡುಗನಿದ್ದಾಗಲೂ ಬರುತ್ತಿರಲಿಲ್ಲ. ಅದಕ್ಕೆ ನಾನೇ ಸಾಕ್ಷಿ.

ನಾನು ಶಿದ್ಲಿಂಗಪ್ಪ, ಹಂಸಭಾವಿಯವನು. ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ಇಲ್ಲಿಯೇ ನೆಲೆ ನಿಂತವನು. ಸಿಟ್ಟು ನನಗೆ ಮೂಗಿನ ತುದಿಯಲ್ಲಿ. ದ್ಯಾಮಪ್ಪ ಹತ್ತನೆಯ ಇಯತ್ತೆಯಲ್ಲಿದ್ದಾಗ ಇನ್‌ಸ್ಪೆಕ್ಟರ್ ಬಂದು, "ನಿಮ್ಮ ಸರ್ ಪ್ರಯೋಗ ಎಲ್ಲಾ ಮಾಡಿ ತೋರಿಸ್ಯಾರೇನು?" ಎಂದು ಕೇಳಿದರು. ಇಡೀ ಕ್ಲಾಸು ಹೌದ್ರೀ ಎಂದು ಕೂಗಿತು. ದ್ಯಾಮಪ್ಪ ಮಾತ್ರ ಎದ್ದು ನಿಂತು, "ಒಂದ ಮಾಡ್ಯಾರ್ರೀ" ಎಂದ. ಅವನು ಹೇಳಿದ್ದು ಖರೆ. ನೀರಿನಲ್ಲಿ ಎರಡು ತಂತಿ ಇಳಿಬಿಟ್ಟು, ಕರೆಂಟು ಹರಿಸಿ, ಗುಳ್ಳೆ ತುಂಬಿದ ನಳಿಗೆಯ ಬಾಯಿಗೆ ಕಡ್ಡಿ ಗೀರಿ 'ಪಟ್' ಅನ್ನಿಸಿದ್ದೆ. ಅದು ಹೈಡ್ರೋಜನ್. ಆ ವರ್ಷ ನಾನು ಮಾಡಿದ ಪ್ರಯೋಗ ಅದೊಂದೇ. ಇನ್‌ಸ್ಪೆಕ್ಟರ್ ಹೋದ ಮೇಲೆ ದ್ಯಾಮಪ್ಪನ ಅಂಗೈಗೆ ಬೆತ್ತದಿಂದ ಹೊಡೆದೆ. ಖರೆ ಹೇಳಿದ್ದಕ್ಕೆ ಹೊಡೆದೆ, ಬೇರೆ ಯಾವುದಕ್ಕೂ ಅಲ್ಲ.

ಅವನು ಪೆಟ್ಟು ಮರೆತ, ಪ್ರಯೋಗ ಮರೆಯಲಿಲ್ಲ. ಶಿಗ್ಗಾಂವಿಯಲ್ಲಿ ಗ್ಯಾರೇಜು ಕೆಲಸ ಕಲಿತು, ಮದುವೆಯಾಗಿ, ಸ್ವಂತ ಶೆಡ್ಡು ಹಾಕಿಕೊಂಡ. ಹೋದ ಬೇಸಿಗೆಯಲ್ಲಿ ಮೊಬೈಲಿನಲ್ಲಿ ಯಾರೋ ನೀರಿನಿಂದ ಕಾರು ಓಡಿಸುವುದನ್ನು ನೋಡಿ ಅವನ ತಲೆಯಲ್ಲಿ ಹುಳ ಹೊಕ್ಕಿತು. ದಪ್ಪ ಪ್ಲಾಸ್ಟಿಕ್ಕಿನ ಉಪ್ಪಿನಕಾಯಿ ಬರಣಿ ತಂದ. ಸ್ಟೀಲಿನ ತಾಟು ಕತ್ತರಿಸಿ ಅದರೊಳಗೆ ಸಾಲಾಗಿ ನಿಲ್ಲಿಸಿದ. ಕಾಸ್ಟಿಕ್ ಸೋಡಾ ಕಲಸಿದ ನೀರು ತುಂಬಿ, ಬ್ಯಾಟರಿಯ ತಂತಿ ಕೊಟ್ಟು, ಗುಳ್ಳೆಯ ಗಾಳಿಯನ್ನು ಒಂದು ನಳಿಗೆಯಿಂದ ಎಂಜಿನ್ನಿಗೆ ಬಿಟ್ಟ. ಮೊದಲು ಕೂಡಿಸಿದ್ದು ಸವಣೂರಿನ ಬಂದೇಸಾಬನ ಹಳೆಯ ವ್ಯಾನಿಗೆ. ಬಂದೇಸಾಬ ದಿನಾ ಬೆಳಿಗ್ಗೆ ಸವಣೂರಿನ ವೀಳ್ಯದೆಲೆಯ ಬುಟ್ಟಿ ಹೇರಿಕೊಂಡು ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು ಸುತ್ತುವವನು. ಲೀಟರಿಗೆ ಹನ್ನೆರಡು ಕಿಲೋಮೀಟರು ಹೋಗುತ್ತಿದ್ದ ವ್ಯಾನು ಹದಿನೈದು ಹೋಯಿತು.

ದ್ಯಾಮಪ್ಪ ನನ್ನನ್ನು ಕರೆಸಿದ. ಶೆಡ್ಡಿನ ಮುಂದೆ ಇಪ್ಪತ್ತು ಮಂದಿ ಸೇರಿದ್ದರು. ಬರಣಿ ಬುಳುಬುಳು ಎನ್ನುತ್ತಿತ್ತು. ನೋಡಿದ ಕೂಡಲೇ ನನಗೆ ತಿಳಿಯಿತು. ನೀರು ಒಡೆಯಲು ಕರೆಂಟು ಬೇಕು, ಕರೆಂಟಿಗೆ ಎಂಜಿನ್ನು ತಿರುಗಬೇಕು, ಎಂಜಿನ್ನಿಗೆ ಪೆಟ್ರೋಲೇ ಬೇಕು. ಒಡೆಯಲು ಹೋದಷ್ಟು ಶಕ್ತಿ ಉರಿಸಿದಾಗ ತಿರುಗಿ ಬರುವುದಿಲ್ಲ. ಹಾಗಾದರೆ ಮೂರು ಕಿಲೋಮೀಟರು ಎಲ್ಲಿಂದ ಬಂತು? ಬರಣಿ ಕೂಡಿಸುವ ದಿನವೇ ದ್ಯಾಮಪ್ಪ ಪ್ಲಗ್ ಬದಲಿಸಿದ್ದ, ಫಿಲ್ಟರ್ ತೊಳೆದಿದ್ದ, ಟೈರಿಗೆ ಗಾಳಿ ಹಿಡಿದಿದ್ದ. ಬಂದೇಸಾಬನೋ, ಬರಣಿ ತುಳುಕೀತೆಂದು ಬಾಣಂತಿಯನ್ನು ಕೂರಿಸಿಕೊಂಡವನ ಹಾಗೆ ಮೆಲ್ಲಗೆ ಓಡಿಸುತ್ತಿದ್ದ.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ದ್ಯಾಮಪ್ಪ ಜನರ ಕಡೆ ತಿರುಗಿ, "ಇದು ನನ್ನ ಬುದ್ಧಿ ಅಲ್ರೀ. ನಮ್ಮ ಸರ ಕಲಿಸಿದ್ದು" ಎಂದವನೇ ನನ್ನ ಕಾಲಿಗೆ ಬಿದ್ದ. ಮೂವತ್ತೊಂದು ವರ್ಷದಲ್ಲಿ ನನ್ನ ಪಾಠ ಒಬ್ಬರ ಉಪಯೋಗಕ್ಕೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಮುದುಕ ಉಬ್ಬಿ ಹೋದೆ. "ಭೇಷ್! ಚಲೋ ಮಾಡೀದಿ" ಎಂದೆ.

ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಎಂದವನ ಮನೆ ಹಾಳು. ಐದು ತಿಂಗಳಲ್ಲಿ ಹಿರೇಬೆಂಡಿಗೇರಿಯ ಜೀಪು ಸೇರಿ ಹನ್ನೊಂದು ಗಾಡಿಗೆ ಬರಣಿ ಕೂತಿತು. ಬಂದವರೆಲ್ಲ, "ಮಾಸ್ತರು ಹೂಂ ಅಂದಾರೇನು?" ಎಂದು ಕೇಳುತ್ತಿದ್ದರಂತೆ. "ಅಂದಾರ" ಎನ್ನುತ್ತಿದ್ದನಂತೆ ದ್ಯಾಮಪ್ಪ. ನಾನು ಆ ರಸ್ತೆಯಲ್ಲಿ ವಾಕಿಂಗ್ ಹೋಗುವುದನ್ನೇ ಬಿಟ್ಟೆ.

ಮಹಾನವಮಿಯ ಆಯುಧಪೂಜೆಗೆ ದ್ಯಾಮಪ್ಪನ ಶೆಡ್ಡಿನ ಮುಂದೆ ಗಿರಾಕಿಗಳ ಗಾಡಿಗಳೆಲ್ಲ ಸಾಲು ಹಿಡಿಯುತ್ತವೆ. ಬಂದೇಸಾಬನ ವ್ಯಾನು ವರ್ಷವೂ ತಪ್ಪದೆ ಬರುತ್ತದೆ. ಈ ಸಲವೂ ಬಂತು. ಒಳಗಿನ ಸಾಮಾನು ಇಳಿಸಿ, ಪೈಪು ಹಿಡಿದು ತೊಳೆದು, ಸಾಮಾನು ಮತ್ತೆ ಏರಿಸಿ, ಚೆಂಡುಹೂವಿನ ಮಾಲೆ ಹಾಕಿ, ಗಾಲಿಗೆ ಲಿಂಬೆಹಣ್ಣಿಟ್ಟರು. ಬರಣಿಗೂ ವಿಭೂತಿ ಹಚ್ಚಿದರು. ನಾನೂ ಪೇಢೆ ತಿಂದು ಬಂದೆ.

ಹತ್ತು ದಿನದ ಮೇಲೆ ದ್ಯಾಮಪ್ಪ ನನ್ನ ಮನೆಯ ಕಟ್ಟೆಗೆ ಬಂದು ಕೂತ.

"ಸರ, ಬಂದೇಸಾಬ ಬಂದಿದ್ದ. ಮಗಳು ಮಾಹೀರಾ ರೇಷನ್ ಅಂಗಡ್ಯಾಗ ಹೆಬ್ಬಟ್ಟ ಒತ್ತಿದ್ರ ಮಶೀನ್ ತಗೋವಲ್ದಂತ. ಎಲಿ ಮುಟ್ಟಿ ಮುಟ್ಟಿ ಗೆರಿ ಅಳಿಸ್ಯಾವು ಅಂತ ನಕ್ಕಾಂವ, ಅಂಗೈ ಸುಲದೈತಿ ಅಂತನೂ ಅಂದ. ಬರಣಿ ಮಾಡಾಕತ್ತಾಗ ನನ್ನ ಕೈನೂ ಹಂಗ ಸುಲದಿತ್ರೀ."

ಬಂದೇಸಾಬನ ವ್ಯಾನಿನಲ್ಲಿ ಒಂದೇ ತರಹದ ಎರಡು ನೀಲಿ ಕ್ಯಾನುಗಳಿದ್ದವು. ಎಡಗಡೆಯದು ಬುಟ್ಟಿಯ ಮೇಲಿನ ಗೋಣಿತಟ್ಟು ತೋಯಿಸುವ ನೀರು. ಅದು ಮಾಹೀರಾಳ ಕೆಲಸ. ಬಲಗಡೆಯದು ಬರಣಿಗೆ ಹಾಕಲು ದ್ಯಾಮಪ್ಪ ಕೊಟ್ಟ, ಚರ್ಮ ಸುಲಿಯುವ ಕಾಸ್ಟಿಕ್ ಸೋಡಾ ನೀರು. ಎಡ ಬಲ ಬಿಟ್ಟು ಬೇರೆ ಗುರುತಿಲ್ಲ. ಪೂಜೆಯ ದಿನ ಗಾಡಿ ತೊಳೆದು ಸಾಮಾನು ಏರಿಸಿದವನು ದ್ಯಾಮಪ್ಪನೇ. ಬಂದೇಸಾಬನ ಮಾತು ಕೇಳಿದ ಕೂಡಲೇ ಎಡಗಡೆಯ ಕ್ಯಾನಿಗೆ ಬೆರಳದ್ದಿ ಉಜ್ಜಿ ನೋಡಿದ್ದಾನೆ. ಸಾಬೂನಿನ ಹಾಗೆ ಜಾರಿದೆ, ಅದು ಸೋಡಾ ನೀರು. ಆ ಕ್ಯಾನನ್ನು ಇಳಿಸಿಕೊಂಡು, ಮಧ್ಯಾಹ್ನ ತಾನೇ ಮನೆಗೆ ಬರುತ್ತೇನೆಂದು ಬಂದೇಸಾಬನನ್ನು ಕಳಿಸಿದ್ದಾನೆ.

"ಇನ್ನೊಂದೈತ್ರೀ" ಎಂದ. "ಬರಣಿ ನಾನ ಬಿಚ್ಚಿ ನೋಡಿದ್ಯಾ. ತೊಳಿಯೂಮುಂದ ನೀರ ಹೊಕ್ಕು ಅವತ್ತ ಫ್ಯೂಜ್ ಹೋಗೇತಿ. ಹತ್ತ ದಿನದಿಂದ ಒಂದ ಗುಳ್ಳಿ ಎದ್ದಿಲ್ಲ. ಆದ್ರೂ ಗಾಡಿ ಹದಿನೈದ ಹೊಂಟೈತಿ. ಅಂದ್ರ ಬರಣಿ ಮೊದಲಿಂದನೂ ಏನೂ ಮಾಡಿಲ್ಲೇನ್ರೀ?"

"ಇಲ್ಲೋ ದ್ಯಾಮಪ್ಪ" ಎಂದೆ. ಕರೆಂಟು, ಎಂಜಿನ್ನು, ಪೆಟ್ರೋಲಿನ ಲೆಕ್ಕವನ್ನು ಎರಡು ಮಾತಿನಲ್ಲಿ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ, ಬೆಂಚಿನ ಮೇಲೆ ಕೂತು ಕೇಳುತ್ತಿದ್ದ ಹಾಗೆಯೇ.

"ನಿಮಗ ಗೊತ್ತಿತ್ತೇನ್ರೀ ಸರ?"

"ಗೊತ್ತಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ಎದ್ದು ನಿಂತು, "ಸವಣೂರಿಗೆ ಹೊಂಟೇನಿ. ಬರ್ತೀರೇನು?" ಎಂದ. ಅವನ ಬೈಕಿನ ಹಿಂದೆ ಕೂತೆ. ದಾರಿಯುದ್ದಕ್ಕೂ, ಬಂದೇಸಾಬನ ಮುಂದೆ ನಾನೇ ಒಪ್ಪಿಕೊಳ್ಳಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಾ ಹೋದೆ.

ಬಾಗಿಲು ತೆರೆದವಳು ಮಾಹೀರಾ. ಅಂಗೈ ಕೆಂಪಗೆ ಹೊಳೆಯುತ್ತಿತ್ತು, ಬೆರಳ ತುದಿಯಲ್ಲಿ ಚರ್ಮ ಎದ್ದಿತ್ತು. ದ್ಯಾಮಪ್ಪ ಹಾಸಿದ ಚಾಪೆ ಬಿಟ್ಟು ಬರಿ ನೆಲದ ಮೇಲೆ ಕೂತ. ಕ್ಯಾನು ಅದಲು ಬದಲಾದದ್ದು, ಬರಣಿ ಮೊದಲಿನಿಂದಲೂ ನಿರುಪಯೋಗಿ ಎಂಬುದು, ತಪ್ಪು ತನ್ನದೆಂಬುದು, ಎಲ್ಲವನ್ನೂ ಹೇಳಿದ. "ಈಗ ದವಾಖಾನಿಗೆ ಕರ್ಕೊಂಡ ಹೋಗೂಣು. ಹನ್ನೊಂದೂ ಬರಣಿ ನಾನ ಬಿಚ್ಚಿ ಒಗಿತೇನಿ" ಎಂದ.

ಬಂದೇಸಾಬ ಮಗಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ನೋಡಿದ.

"ಸರ, ನೀವು ಭೇಷ್ ಅಂದ್ರಿ ಅಂತ ನಾ ಧೈರ್ಯ ಮಾಡಿದ್ಯಾ. ಇವಾ ಭಾಳ ಓದಲಾರದಾಂವ. ನೀವು ಕಲ್ತಾವ್ರಲ್ರೀ?"

ದಾರಿಯುದ್ದಕ್ಕೂ ಜೋಡಿಸಿದ ಮಾತು ಗಂಟಲಿನ ತನಕ ಬಂತು. ಅಷ್ಟರಲ್ಲಿ ದ್ಯಾಮಪ್ಪ ನಡುವೆ ಬಾಯಿ ಹಾಕಿದ.

"ಸರ ಬ್ಯಾಡ ಅಂದಿದ್ರು. ಮಂದಿ ಮುಂದ ನನ್ನ ಮರ್ಯಾದಿ ಹೋಗಬಾರ್ದಂತ ಭೇಷ್ ಅಂದು, ಆಮ್ಯಾಲ ಮನಿಗೆ ಕರದು ಬ್ಯಾಡ ಅಂತ ಹೇಳಿದ್ರು. ನಾನ ಕೇಳಲಿಲ್ಲ."

ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಇನ್‌ಸ್ಪೆಕ್ಟರ್ ಮುಂದೆ ಬಾರದಿದ್ದ ಸುಳ್ಳು ಅದು. ಕಲಿಸಿದವನು ನಾನೇ.

"ಹಿರ್‍ಯಾರ ಮಾತ ಕೇಳಬೇಕಪಾ ದ್ಯಾಮಪ್ಪ" ಎಂದ ಬಂದೇಸಾಬ. "ಸರ, ತಪ್ಪ ತಿಳೀಬ್ಯಾಡ್ರಿ. ಸಿಟ್ಟಿನ್ಯಾಗ ಅಂದ್ಯಾ."

ಮಾಹೀರಾ ಒಳಗೆ ಹೋಗಿ ಚಹಾ ತಂದಳು. ಬೆರಳಿಗೆ ಬಿಸಿ ತಾಗದಿರಲೆಂದು ಕಪ್ಪನ್ನು ಓಢಣಿಯ ಸೆರಗಿನಲ್ಲಿ ಹಿಡಿದು, ಮೊದಲು ನನಗೇ ಕೊಟ್ಟಳು.

ನಾನು ಬೇಡ ಅಂದಿರಲಿಲ್ಲ. ಅದನ್ನು ಹೇಳಲು ಆಗಲೂ ಹೊತ್ತಿತ್ತು. ನಾನು ಕಪ್ಪು ತೆಗೆದುಕೊಂಡು ಚಹಾ ಕುಡಿದೆ.